ತ್ರೀ ಫೇಸ್ ಬರೋತನಕ ನೋಡ್ರಿ: ಸಾಲ, ಉತಾರ, ತೂಕ, ನೀರಿನ ಸಿನಿಮಾ ಪಟ್ಟಿ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಯುವ ರೈತ ಗೆಳೆಯರೇ, ರಾತ್ರಿ ತ್ರೀ ಫೇಸ್ ಕರೆಂಟ್ ಕಾಯುತ್ತ ಹೊಲದಲ್ಲಿ ಕುಳಿತಾಗ ಕೈಯಲ್ಲಿ ಇರೋದು ಮೊಬೈಲ್. ಒಂದು ರೀಲ್ಸ್ ಮುಗಿದರೆ ಇನ್ನೊಂದು. ಎರಡು ತಾಸು ಹೋದದ್ದು ಗೊತ್ತಾಗೋದಿಲ್ಲ, ಏನು ನೋಡಿದೆವು ಅನ್ನೋದೂ ನೆನಪಿರೋದಿಲ್ಲ. ಅದೇ ಎರಡು ತಾಸಿನಲ್ಲಿ ಒಂದು ಒಳ್ಳೆ ಸಿನಿಮಾ ಮುಗಿಯುತ್ತದೆ. ಗೊಬ್ಬರ, ಬೀಜ, ಕೀಟದ ಮಾತಿಗೆ ಈ ವಾರ ಸ್ವಲ್ಪ ಬಿಡುವು ಕೊಟ್ಟು, ಒಕ್ಕಲುತನದ ಸಿನಿಮಾಗಳ ಒಂದು ಪಟ್ಟಿ ಕೊಡುತ್ತಿದ್ದೇವೆ.

ಹೊಲ, ಊರು, ರೈತರ ಬಗ್ಗೆ ಸಿನಿಮಾ ನೋಡಿದಾಗಲೆಲ್ಲ ಅದರ ಹೆಸರನ್ನು ಮೊಬೈಲ್ ನೋಟ್ಸ್‌ನಲ್ಲಿ ಬರೆದಿಡುವುದು ನನ್ನ ರೂಢಿ. ಮೊದಲು ಭಾಷೆ, ವರ್ಷದ ಪ್ರಕಾರ ಬರೆಯುತ್ತಿದ್ದೆ. ಆಮೇಲೆ ಪಟ್ಟಿಯನ್ನು ಬೇರೆ ರೀತಿ ಜೋಡಿಸಿದೆ: ಈ ಕಥೆಯಲ್ಲಿ ರೈತನಿಗೆ ಹೊಲ ಯಾಕೆ ಕೈತಪ್ಪಿತು? ಹಾಗೆ ಜೋಡಿಸಿದಾಗ ಒಂದು ಮಾತು ಕಣ್ಣಿಗೆ ಬಿತ್ತು. ಮಳೆ ಒಂದೇ ಕೈಕೊಟ್ಟು ಹೊಲ ಹೋದ ಕಥೆ ಕಡಿಮೆ. ಓದಲು ಬಾರದ ಕಾಗದ, ಕೇಳದೇ ಬಿಟ್ಟ ಲೆಕ್ಕ, ಬದಲಾಗದ ಹೆಸರು, ಒಂಟಿಯಾಗಿ ಹೋರಾಡಿದ್ದು: ಹೊಲ ಹೋದದ್ದು ಹೆಚ್ಚಾಗಿ ಇವುಗಳಿಂದಲೇ. ಮಳೆ ನಮ್ಮ ಕೈಯಲ್ಲಿಲ್ಲ, ಖರೇ. ಆದ್ರ ಕಾಗದ ನಮ್ಮ ಕೈಯಲ್ಲೇ ಐತಲ್ರಿ! ಅದಕ್ಕೇ ಈ ಪಟ್ಟಿಯನ್ನು ಅದೇ ಕ್ರಮದಲ್ಲಿ ಕೊಟ್ಟಿದ್ದೇನೆ.

1. ಸಾಲದ ಕಾಗದ

ಮೊದಲು ‘ದೋ ಬಿಘಾ ಜಮೀನ್’ (ಹಿಂದಿ, 1953) ನೋಡ್ರಿ. ಬಿಮಲ್ ರಾಯ್ ನಿರ್ದೇಶನ, ಬಲರಾಜ್ ಸಾಹ್ನಿ ನಾಯಕ. ಶಂಭು ಎಂಬ ಸಣ್ಣ ರೈತನಿಗೆ ಇರುವುದು ಎರಡು ಬಿಘಾ ಹೊಲ. ಜಮೀನುದಾರನಿಗೆ ಅಲ್ಲಿ ಕಾರ್ಖಾನೆ ಬೇಕಾಗಿದೆ. ತನ್ನ ಸಾಲ 65 ರೂಪಾಯಿ ಎಂದುಕೊಂಡು ಶಂಭು ಮನೆಯ ಸಾಮಾನು ಮಾರಿ ಹಣ ಹೊಂದಿಸುತ್ತಾನೆ. ಹೋಗಿ ನೋಡಿದರೆ ಲೆಕ್ಕದ ಪುಸ್ತಕದಲ್ಲಿ ಸಾಲ 235 ರೂಪಾಯಿ! ಕೋರ್ಟು ಕೊಟ್ಟ ಮೂರು ತಿಂಗಳ ಗಡುವಿನಲ್ಲಿ ಹಣ ಗಳಿಸಲು ಅವನು ಕಲ್ಕತ್ತಾಕ್ಕೆ ಹೋಗಿ ಕೈಗಾಡಿ ರಿಕ್ಷಾ ಎಳೆಯುತ್ತಾನೆ. ಕೊನೆಗೆ ಕಾರ್ಖಾನೆ ಏಳುತ್ತಿರುವ ತನ್ನದೇ ಹೊಲದಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡರೆ, ಕಾವಲುಗಾರ ಅದನ್ನೂ ಬಿಡಿಸುತ್ತಾನೆ. ಸಿನಿಮಾಕ್ಕೆ ಎಪ್ಪತ್ತು ವರ್ಷ ದಾಟಿದರೂ ಆ ದೃಶ್ಯ ಇವತ್ತಿಗೂ ಎದೆಗೆ ನಾಟುತ್ತದೆ.

ಇದರ ಬೆನ್ನಿಗೆ ‘ಮದರ್ ಇಂಡಿಯಾ’ (1957). ಮಗನ ಮದುವೆಗೆಂದು ಅತ್ತೆ ತಂದ 500 ರೂಪಾಯಿ ಸಾಲಕ್ಕೆ ಬೆಳೆಯ ನಾಲ್ಕರಲ್ಲಿ ಮೂರು ಪಾಲು ಬಡ್ಡಿಗೇ ಹೋಗುತ್ತದೆ. ಪಂಚರೂ ಸಾವಕಾರನ ಕಾಗದವನ್ನೇ ನಂಬುತ್ತಾರೆ, ಯಾಕೆಂದರೆ ಈ ಮನೆಯಲ್ಲಿ ಓದು ಬಂದವರೇ ಇಲ್ಲ. ಮದುವೆ ಸಾಲದ ಮಾತು ನಮ್ಮ ಊರಾಗ ಇವತ್ತಿಗೂ ಹಳೇದಾಗಿಲ್ಲ.

ನೋಡಿದ ಮರುದಿನ ಮಾಡಬೇಕಾದ ಕೆಲಸ: ಪಿಕೆಪಿಎಸ್ ಇರಲಿ, ಬ್ಯಾಂಕ್ ಇರಲಿ, ನಿಮ್ಮ ಸಾಲದ ಖಾತೆಯ ಉತಾರೆ ತಗೊಂಡು ಅಸಲು ಎಷ್ಟು, ಬಡ್ಡಿ ಎಷ್ಟು, ಗಡುವು ಯಾವತ್ತು ಎಂದು ಬರೆದಿಡಿ. ರಾಜ್ಯದಲ್ಲಿ ಸಹಕಾರಿ ಸಂಘಗಳ ಮೂಲಕ 5 ಲಕ್ಷದವರೆಗೆ ಬಡ್ಡಿ ಇಲ್ಲದ ಬೆಳೆಸಾಲದ ಯೋಜನೆ ಇದೆ. ಆದರೆ ಗಡುವು ತಪ್ಪಿದರೆ ಆ ರಿಯಾಯಿತಿ ಹೋಗುತ್ತದೆ. ಖಾಲಿ ಚೆಕ್ಕಿಗೆ, ಖಾಲಿ ಬಾಂಡಿಗೆ ಸಹಿ ಮಾತ್ರ ಯಾರಿಗೂ ಮಾಡಿಕೊಡಬೇಡಿ, ಬೀಗರಿದ್ದರೂ ಸೈತ.

2. ಉತಾರದ ಮೇಲಿನ ಹೆಸರು

‘ತಿಥಿ’ (ಕನ್ನಡ, 2015) ನಗಿಸುತ್ತ ನಗಿಸುತ್ತ ಬುದ್ಧಿ ಹೇಳುವ ಸಿನಿಮಾ. ರಾಮ್ ರೆಡ್ಡಿ ನಿರ್ದೇಶನ. ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಊರಿನಲ್ಲಿ, ಹಿಂದೆಂದೂ ಕ್ಯಾಮೆರಾ ಮುಂದೆ ನಿಲ್ಲದ ಹಳ್ಳಿಯವರನ್ನೇ ಇಟ್ಟು ತೆಗೆದದ್ದು. ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆಯಿತು. 101 ವರ್ಷದ ಸೆಂಚುರಿ ಗೌಡ ತೀರಿಕೊಂಡಾಗ ಐದು ಎಕರೆ ಇನ್ನೂ ಅವನ ಹೆಸರಿನಲ್ಲೇ ಇದೆ. ಮಗ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯೇ ಬೇಡ. ಮೊಮ್ಮಗ ತಮ್ಮಣ್ಣನಿಗೆ ಹೊಲ ಮಾರುವ ಅವಸರ. ಅದಕ್ಕಾಗಿ ಬದುಕಿರುವ ಅಪ್ಪನೇ ಸತ್ತಿದ್ದಾನೆಂದು ದಾಖಲೆ ಮಾಡಿಸುತ್ತಾನೆ! ಮುಂದೆ ಏನಾಗುತ್ತದೆ ಎಂದು ನೋಡಿಯೇ ತಿಳಿಯಿರಿ.

‘ಚೋಮನ ದುಡಿ’ (1975) ಇದರ ಇನ್ನೊಂದು ಮುಖ. ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. ರಾಷ್ಟ್ರದ ಶ್ರೇಷ್ಠ ಚಿತ್ರ ಪ್ರಶಸ್ತಿ ಬಂತು, ಚೋಮನಾದ ವಾಸುದೇವ ರಾವ್ ಅವರಿಗೆ ಶ್ರೇಷ್ಠ ನಟ ಪ್ರಶಸ್ತಿಯೂ ಬಂತು. ಚೋಮನ ಹತ್ತಿರ ಎತ್ತುಗಳಿವೆ, ಉಳುವ ಆಸೆ ಇದೆ. ಆದರೆ ಅವನ ಜಾತಿಯ ಕಾರಣಕ್ಕೆ ತುಂಡು ಭೂಮಿಯೂ ಸಿಗುವುದಿಲ್ಲ. ಇದಾದ ಮೇಲೆ ‘ಕಾಟೇರ’ (2023) ಮತ್ತೊಮ್ಮೆ ನೋಡ್ರಿ. ಫೈಟಿಗೆ ಸಿಳ್ಳೆ ಹೊಡೆದವರು ಈ ಸಲ ಅದರ ಹಿಂದಿನ ಕಾನೂನಿನ ಕಡೆ ಲಕ್ಷ್ಯ ಕೊಡಿ. ರಾಜ್ಯದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಗೇಣಿದಾರರು 7ನೇ ನಮೂನೆಯಲ್ಲಿ ಅರ್ಜಿ ಹಾಕಿ ಉಳುವ ಭೂಮಿಯನ್ನು ತಮ್ಮದಾಗಿಸಿಕೊಂಡರು. ನಿಮ್ಮ ಅಜ್ಜನ ಹೊಲ ಹೇಗೆ ಬಂತು ಎಂದು ಮನೆಯ ಹಿರಿಯರನ್ನು ಕೇಳಿ ನೋಡಿ. ಸಿನಿಮಾಕ್ಕಿಂತ ದೊಡ್ಡ ಕಥೆ ಮನೆಯಲ್ಲೇ ಸಿಗಬಹುದು.

ಮರುದಿನದ ಕೆಲಸ: ‘ಭೂಮಿ’ ಜಾಲತಾಣದಲ್ಲಿ ನಿಮ್ಮ ಉತಾರ ತೆಗೆದು ನೋಡಿ. ತೀರಿಕೊಂಡ ಅಜ್ಜನ ಹೆಸರೇ ಇದ್ದರೆ ವಾರಸಾ ಅರ್ಜಿ ಕೊಡಿ. ಹೆಸರು ಬದಲಾಗದ ಹೊಲಕ್ಕೆ ಸಾಲ, ಬೆಳೆ ಪರಿಹಾರ ಪಡೆಯುವಾಗ ತೊಡಕು ತಪ್ಪಿದ್ದಲ್ಲ. ‘ದಿಶಾಂಕ್’ ಆ್ಯಪ್ ಹಾಕಿಕೊಂಡರೆ ನಿಂತ ಜಾಗದ ಸರ್ವೆ ನಂಬರ್ ಮೊಬೈಲ್‌ನಲ್ಲೇ ಕಾಣುತ್ತದೆ.

3. ಮನೆಯೊಳಗಿನ ಲೆಕ್ಕ

‘ಬಂಗಾರದ ಮನುಷ್ಯ’ (1972) ಯಾರು ನೋಡಿಲ್ಲ ಹೇಳ್ರಿ? ಟಿ.ಕೆ. ರಾಮರಾಯರ ಕಾದಂಬರಿ, ಸಿದ್ದಲಿಂಗಯ್ಯ ನಿರ್ದೇಶನ, ಡಾ. ರಾಜ್‌ಕುಮಾರ್ ರಾಜೀವ. ಈ ಸಿನಿಮಾ ನೋಡಿ ಪಟ್ಟಣ ಬಿಟ್ಟು ಊರಿಗೆ ಬಂದು ಒಕ್ಕಲುತನ ಹಿಡಿದವರಿದ್ದಾರೆ. ಆದರೆ ಎಲ್ಲರೂ ಮೊದಲ ಅರ್ಧವನ್ನೇ ನೆನಪಿಡುತ್ತಾರೆ: ಬಂಡೆ ಒಡೆದದ್ದು, ಹಸಿರು ಮಾಡಿದ್ದು. ಕೊನೆಗೆ ರಾಜೀವ ಯಾಕೆ ಎಲ್ಲ ಬಿಟ್ಟು ನಡೆದುಹೋಗುತ್ತಾನೆ? ಬೆಳೆ ಹೋಗಿಲ್ಲ, ಬಾವಿ ಬತ್ತಿಲ್ಲ. ಒಳ್ಳೇದಕ್ಕೇ ಮುಚ್ಚಿಟ್ಟ ಒಂದು ವಿಷಯದಿಂದ ಮನೆಯಲ್ಲಿ ಸಂಶಯ ಹುಟ್ಟಿತು, ತಾನು ಬೆಳೆಸಿದ ಹುಡುಗನೇ ಲೆಕ್ಕ ಕೇಳಿದ. ಅಣ್ಣತಮ್ಮಂದಿರು ಕೂಡಿ ದುಡಿಯುವ ಮನೆಗಳು ನಮ್ಮ ಕಡೆ ಬಹಳ. ಅಲ್ಲಿ ಕಬ್ಬಿನ ಬಿಲ್ ಬಂದ ದಿನ ಎಲ್ಲರೂ ಕೂತು ಬಂದದ್ದೆಷ್ಟು, ಹೋದದ್ದೆಷ್ಟು ಎಂದು ಒಂದು ವಹಿಯಲ್ಲಿ ಬರೆಯುವ ಪದ್ಧತಿ ಇಟ್ಟರೆ ವಾಟ್ನಿ ಜಗಳ ಅರ್ಧ ಕಡಿಮೆ ಆಗುತ್ತದೆ.

ಸಿದ್ದಲಿಂಗಯ್ಯ ಅವರದೇ ‘ಭೂತಯ್ಯನ ಮಗ ಅಯ್ಯು’ (1974), ಗೊರೂರು ರಾಮಸ್ವಾಮಿ ಅಯ್ಯಂಗಾರ್ ಅವರ ಕಥೆ. ಅಪ್ಪಂದಿರ ಜಗಳ ಮಕ್ಕಳ ಕಾಲಕ್ಕೂ ಬಂದು, ಕೋರ್ಟು ಕಚೇರಿ ಅಲೆದು ಎರಡೂ ಮನೆ ಹೈರಾಣಾಗುತ್ತವೆ. ಕೊನೆಗೆ ಊರಿಗೆ ನುಗ್ಗಿದ ಹೊಳೆ ಅವರನ್ನು ಕೂಡಿಸಬೇಕಾಗುತ್ತದೆ. 2019ರ ಆಗಸ್ಟ್‌ನಲ್ಲಿ ಘಟಪ್ರಭಾ ಉಕ್ಕಿ ಲೋಳಸೂರ ಸೇತುವೆ ಮುಳುಗಿದ್ದನ್ನು ಕಂಡವರಿಗೆ ಆ ದೃಶ್ಯ ಬೇರೆಯೇ ಅನಿಸುತ್ತದೆ. ಬದುವಿನ ಜಗಳ ಇದ್ದವರು ಇದನ್ನು ಎದುರಾಳಿ ಜೊತೆ ಕೂತು ನೋಡಿದರೆ ಇನ್ನೂ ಚಲೋ.

4. ತೂಕ ಮತ್ತು ಸಂಘ

ಈ ಪಟ್ಟಿಯಿಂದ ಒಂದೇ ಸಿನಿಮಾ ಆರಿಸಿ ಅಂದರೆ ನಾನು ‘ಮಂಥನ್’ (ಹಿಂದಿ, 1976) ಅನ್ನುತ್ತೇನೆ. ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ನಿರ್ಮಿಸಿದ ಸಿನಿಮಾ ಇದು. ಶ್ಯಾಮ್ ಬೆನೆಗಲ್ ನಿರ್ದೇಶನ, ಕಥೆಯಲ್ಲಿ ವರ್ಗೀಸ್ ಕುರಿಯನ್ ಅವರ ಪಾಲೂ ಇದೆ. ಊರಿಗೆ ಸಂಘ ಕಟ್ಟಲು ಬರುವ ಡಾ. ರಾವ್ ಪಾತ್ರ ನಮ್ಮ ಗಿರೀಶ ಕಾರ್ನಾಡರದು. 2024ರಲ್ಲಿ ಹೊಸದಾಗಿ ಶುದ್ಧಗೊಳಿಸಿದ ಪ್ರತಿಯನ್ನು ಕಾನ್ ಚಿತ್ರೋತ್ಸವದಲ್ಲಿ ತೋರಿಸಿದರು. ಹಾಲಿನ ಫ್ಯಾಟ್ ಅಳೆಯುವ ಒಂದು ಸಣ್ಣ ಪರೀಕ್ಷೆಯಿಂದ ಊರಿನ ಅಧಿಕಾರದ ತಕ್ಕಡಿ ಹೇಗೆ ಅಲುಗಾಡುತ್ತದೆ ಎಂಬುದೇ ಇದರ ಜೀವ. ರಾವ್‌ಗೆ ವರ್ಗಾವಣೆ ಆದ ಮೇಲೆ ಸಂಘ ಉಳಿಯುವುದು ಊರಿನ ಹುಡುಗ ಭೋಲಾ ಕೈಯಲ್ಲಿ. ಹುಕ್ಕೇರಿಯವರಿಗೆ ಇದು ದೂರದ ಕಥೆ ಅಲ್ಲ. 1969ರಲ್ಲಿ ಶುರುವಾದ ಹುಕ್ಕೇರಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಿಂದಲೇ ತಾಲೂಕಿನ ಮನೆ, ಮೋಟಾರಿಗೆ ಕರೆಂಟ್ ಬಂದದ್ದು. ಸಂಘದ ವಾರ್ಷಿಕ ಸಭೆಗೆ ನಾವು ಎಷ್ಟು ಮಂದಿ ಹೋಗುತ್ತೇವೆ?

ಮರಾಠಿ ತಿಳಿಯುವವರು ‘ಸಾಮ್ನಾ’ (1974) ಬಿಡಬೇಡಿ. ಜಬ್ಬಾರ್ ಪಟೇಲ್ ನಿರ್ದೇಶನ, ವಿಜಯ್ ತೆಂಡೂಲ್ಕರ್ ಬರವಣಿಗೆ. ಸಕ್ಕರೆ ಕಾರ್ಖಾನೆ ಹಿಡಿತದಲ್ಲಿಟ್ಟುಕೊಂಡ ಊರಿನ ಧಣಿಯಾಗಿ ನಿಳು ಫುಲೆ, ಕಾಣೆಯಾದ ಒಬ್ಬ ಮನುಷ್ಯನ ಬಗ್ಗೆ ಒಂದೇ ಪ್ರಶ್ನೆ ಕೇಳುತ್ತ ಹೋಗುವ ಕುಡುಕ ಮಾಸ್ತರನಾಗಿ ಶ್ರೀರಾಮ್ ಲಾಗೂ. ಸಹಕಾರ ಅಂತ ಹೆಸರಿದ್ದರೂ ಕೇಳುವವರಿಲ್ಲದಿದ್ದರೆ ಏನಾಗುತ್ತದೆ ಎಂಬ ಕಥೆ. ‘ಮಂಥನ್’ ಮತ್ತು ‘ಸಾಮ್ನಾ’ವನ್ನು ಒಂದರ ಬೆನ್ನಿಗೆ ಒಂದು ನೋಡಬೇಕು.

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಟನ್ ಕಬ್ಬಿಗೆ 3,500 ರೂಪಾಯಿ ಕೇಳಿ ರೈತರು ರಸ್ತೆಯಲ್ಲೇ ಕೂತದ್ದು ನಿಮಗೆ ನೆನಪಿದೆ. ಆ ದರದ ಜೊತೆಗೆ ಇನ್ನೊಂದು ನಿಯಮವೂ ನೆನಪಿರಲಿ: ಕಬ್ಬು ಕೊಟ್ಟ 14 ದಿನದೊಳಗೆ ಕಾರ್ಖಾನೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ. 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕಾಟಾ ಚೀಟಿಯ ಫೋಟೊ ತೆಗೆದು ಇಟ್ಟುಕೊಂಡವನಿಗೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ.

5. ನೀರು

‘ದ್ವೀಪ’ (2002) ಗಿರೀಶ ಕಾಸರವಳ್ಳಿ ನಿರ್ದೇಶನ, ನಾ. ಡಿಸೋಜ ಅವರ ಕಥೆ, ಸೌಂದರ್ಯ ನಾಯಕಿ. ಅಣೆಕಟ್ಟಿನ ನೀರು ಏರುತ್ತಿರುವಾಗ ಊರು ಬಿಡಲಾಗದ ಒಂದು ಮನೆಯ ಕಥೆ. ಹಿಡಕಲ್ ಜಲಾಶಯದ 51 ಟಿಎಂಸಿ ನೀರು ನಮಗೆ ಕಬ್ಬು ಕೊಟ್ಟಿದೆ. ಅದರ ಅಡಿಯಲ್ಲಿ ಊರುಗಳೂ ಮುಳುಗಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಹುನ್ನೂರಿನ ವಿಠ್ಠಲ ಗುಡಿ ಹೊರಗೆ ಕಾಣುವುದನ್ನು ನೋಡಿದವರು ‘ದ್ವೀಪ’ವನ್ನು ಮರೆಯಲಾರರು. ಕಾಲುವೆ ನೀರಿನ ಪಾಳಿ ಬಂದಾಗ ಬೇಕಾದ್ದಕ್ಕಿಂತ ಹೆಚ್ಚು ಹಾಯಿಸಿ ಹೊಲವನ್ನು ಸವಳು ಮಾಡಿಕೊಳ್ಳುವ ಮೊದಲು ಆ ನೀರಿಗೆ ಯಾರು ಏನು ಕಳೆದುಕೊಂಡರು ಎಂದು ತಿಳಿದಿರುವುದು ಒಳ್ಳೆಯದು.

ಹೊರದೇಶದ್ದು ಒಂದು: ‘ದಿ ಬಾಯ್ ಹೂ ಹಾರ್ನೆಸ್ಡ್ ದಿ ವಿಂಡ್’ (2019, ನೆಟ್‌ಫ್ಲಿಕ್ಸ್). ಆಫ್ರಿಕಾದ ಮಲಾವಿ ದೇಶದಲ್ಲಿ ಬರ ಬಿದ್ದಾಗ, ಫೀ ಕಟ್ಟಲಾಗದೆ ಶಾಲೆ ಬಿಟ್ಟ ಹುಡುಗ ಗ್ರಂಥಾಲಯದ ಪುಸ್ತಕ ಓದಿ, ಸೈಕಲ್ ಡೈನಮೋ ಬಳಸಿ ಗಾಳಿಯಂತ್ರ ಮಾಡಿ ನೀರು ಎತ್ತುತ್ತಾನೆ. ಕಥೆ ನಡೆದದ್ದೇ. ಅಪ್ಪನಿಗೆ ಇರುವ ಒಂದೇ ಸೈಕಲ್ಲನ್ನು ಮಗ ಕೇಳುವ ಭಾಗವನ್ನು ಅಪ್ಪಂದಿರ ಜೊತೆ ಕೂತೇ ನೋಡಬೇಕು.

ಮಣ್ಣಿನ ಬಗ್ಗೆ ‘ದಿ ಬಿಗ್ಗೆಸ್ಟ್ ಲಿಟಲ್ ಫಾರ್ಮ್’ (2018) ಎಂಬ ಸಾಕ್ಷ್ಯಚಿತ್ರ ಇದೆ. ಕ್ಯಾಲಿಫೋರ್ನಿಯಾದ ಸತ್ತ ಮಣ್ಣಿನ ಹೊಲವನ್ನು ಗಂಡ ಹೆಂಡತಿ ವರ್ಷಗಟ್ಟಲೆ ದುಡಿದು ಜೀವಂತ ಮಾಡುತ್ತಾರೆ. ಬಸವನಹುಳದ ಕಾಟಕ್ಕೆ ಬಾತುಕೋಳಿ ಬಿಡುವ ಭಾಗ ಭಾರಿ ಚಲೋ ಐತಿ. ಆದರೆ ಅವರ ಬೆನ್ನಿಗೆ ದೊಡ್ಡ ಹಣ ಹಾಕಿದವರಿದ್ದರು ಎಂಬುದನ್ನು ಮರೆತು ಹಾಗೇ ಮಾಡಲು ಹೋಗಬೇಡಿ. ರವದಿ ಸುಡದೆ ಹೊಲಕ್ಕೇ ಬಿಡುವುದರಿಂದ ಶುರು ಮಾಡಿ, ಅದಕ್ಕೆ ಖರ್ಚು ಕಡಿಮೆ.

6. ಮನಸ್ಸು ಭಾರ ಆದಾಗ

‘ಗಾಭ್ರೀಚಾ ಪಾವ್ಸ್’ (ಮರಾಠಿ, 2009) ವಿದರ್ಭದ ಹತ್ತಿ ರೈತನ ಕಥೆ. ಪಕ್ಕದವನು ಜೀವ ಕಳೆದುಕೊಂಡ ಮೇಲೆ ತನ್ನ ಗಂಡನೂ ಹಾಗೆ ಮಾಡಿಯಾನು ಎಂಬ ಭಯಕ್ಕೆ ಹೆಂಡತಿ ಅವನ ಮೇಲೆ ಕಣ್ಣಿಡುತ್ತಾಳೆ, ಸಣ್ಣ ಮಗನನ್ನೂ ಕಾವಲಿಗೆ ಬಿಡುತ್ತಾಳೆ. ‘ಪೀಪ್ಲಿ ಲೈವ್’ (ಹಿಂದಿ, 2010) ಅದೇ ನೋವನ್ನು ವ್ಯಂಗ್ಯವಾಗಿ ಹೇಳುತ್ತದೆ. ಇವೆರಡನ್ನು ಒಬ್ಬರೇ ಕೂತು, ರಾತ್ರಿ ಹೊಲದಲ್ಲಿ ನೋಡಬೇಡಿ. ಬೆಳೆ ಹೋಗಿ ಕುಗ್ಗಿದ ಗೆಳೆಯನಿಗೆ ಲಿಂಕ್ ಕಳಿಸುವ ಬದಲು ಅವನ ಮನೆಗೆ ಹೋಗಿ ಚಹಾ ಕುಡಿದು ಬನ್ನಿ. ನಿಮಗೇ ಅಥವಾ ಅವನಿಗೆ ಬದುಕು ಸಾಕು ಅನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ತಾಸೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಆ ಭಾರ ಇಳಿಸಲು ತಮಿಳಿನ ‘ಕಡೈಸಿ ವಿವಸಾಯಿ’ (2022). ನಿಜ ಜೀವನದಲ್ಲೂ ರೈತರೇ ಆಗಿದ್ದ, ಎಂಬತ್ತು ದಾಟಿದ ನಲ್ಲಾಂಡಿ ಅಜ್ಜ ಇದರ ನಾಯಕ. ನವಿಲು ಕೊಂದ ಸುಳ್ಳು ಕೇಸಿನಲ್ಲಿ ಅಜ್ಜನನ್ನು ಹಿಡಿದಾಗ, ಅವನ ಚಿಂತೆಯೆಲ್ಲ ಹೊಲದಲ್ಲಿ ಒಣಗುತ್ತಿರುವ ಪೈರಿನದು. ನ್ಯಾಯಾಧೀಶೆ ಪೊಲೀಸನಿಗೇ ಆ ಪೈರಿಗೆ ನೀರು ಹಾಯಿಸುವ ಕೆಲಸ ಹಚ್ಚುತ್ತಾರೆ!

ನೋಡುವುದು ಹೇಗೆ?

ಯೂಟ್ಯೂಬ್ ಮತ್ತು ಒಟಿಟಿಗಳಲ್ಲಿ ಸಿನಿಮಾದ ಹೆಸರು, ವರ್ಷ ಎರಡೂ ಹಾಕಿ ಹುಡುಕಿ. ಟೆಲಿಗ್ರಾಂನಲ್ಲಿ ಬರುವ ಗೊತ್ತಿಲ್ಲದ ಲಿಂಕ್, ಎಪಿಕೆ ಫೈಲ್ ಮುಟ್ಟಬೇಡಿ. ಅದೇ ಮೊಬೈಲ್‌ನಲ್ಲಿ ನಿಮ್ಮ ಬ್ಯಾಂಕ್, ಫೋನ್‌ಪೇ ಇವೆ. ಮನೆಯ ವೈಫೈನಲ್ಲಿ ಮೊದಲೇ ಡೌನ್‌ಲೋಡ್ ಮಾಡಿಕೊಂಡರೆ ಹೊಲದಲ್ಲಿ ನೆಟ್‌ವರ್ಕಿನ ಚಿಂತೆ ಇಲ್ಲ. ಕಿವಿಗೆ ಇಯರ್‌ಫೋನ್ ಹಾಕಿ ಕತ್ತಲಲ್ಲಿ ಸ್ಟಾರ್ಟರ್ ಹತ್ತಿರ ಹೋಗಬೇಡಿ, ಹಾವು ಹರಿದ ಸಪ್ಪಳವೂ ಕೇಳೋದಿಲ್ಲ.

ಸಾಧ್ಯವಿದ್ದರೆ ನಾಲ್ಕು ಮಂದಿ ಕೂಡಿ ನೋಡಿ. ಕುಲಗೋಡ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ರಾತ್ರಿಯಿಡೀ ಕೂತು ನೋಡಿ, ಮರುದಿನ ಕಟ್ಟೆಯ ಮೇಲೆ ಅದರದೇ ಮಾತಾಡುತ್ತಿದ್ದ ಭಾಗ ನಮ್ಮದು. ಸಿನಿಮಾ ಮುಗಿದ ಮೇಲೆ ಮೂರು ಪ್ರಶ್ನೆ ಕೇಳಿಕೊಳ್ಳಿ: ತೊಂದರೆ ಎಲ್ಲಿಂದ ಶುರುವಾಯಿತು? ಕಾಗದ ಯಾರ ಕೈಯಲ್ಲಿತ್ತು? ಯಾರ ಜೊತೆ ಕೂಡಿದ್ದರೆ ಇದು ತಪ್ಪುತ್ತಿತ್ತು? ಉತ್ತರವನ್ನು ಎರಡು ಸಾಲು ಬರೆದಿಟ್ಟರೆ ನಿಮ್ಮದೇ ಪಟ್ಟಿ ತಯಾರಾಗುತ್ತದೆ.

ಈ ವಾರ ಒಂದೇ ನೋಡಲು ವೇಳೆ ಇದ್ದರೆ ‘ತಿಥಿ’ ನೋಡ್ರಿ. ನೋಡಿ ಮಲಗೋಕ್ಕಿಂತ ಮೊದಲು ಉತಾರ ಒಮ್ಮೆ ತೆಗೆದು, ಅದರಾಗ ಯಾರ ಹೆಸರು ಐತಿ ಅಂತ ನೋಡಿಬಿಡ್ರಿ.