ಅಳಿಸಿದ ಕಡತ ಎಲ್ಲಿಗೆ ಹೋಯಿತು?

ಪ್ರಾಯೋಗಿಕ ಪರೀಕ್ಷೆಗೆ ಎರಡು ದಿನವಿರುವಾಗ ವಿದ್ಯಾರ್ಥಿಯೊಬ್ಬನು ಪೆನ್ ಡ್ರೈವ್ ಹಿಡಿದು ನಮ್ಮಲ್ಲಿಗೆ ಬಂದನು. “ಇದರಲ್ಲಿದ್ದುದನ್ನೆಲ್ಲ ಅಳಿಸಿದೆ ಸಾರ್, ಆದರೂ ಜಾಗವಿಲ್ಲ ಎನ್ನುತ್ತದೆ. ಲೋಲಕದ ಪ್ರಯೋಗದ ಅಂಕಿಗಳೂ ಕೈತಪ್ಪಿ ಹೋದುವು” ಎಂದನು. ಅವನ ಮುಖ ಬಾಡಿತ್ತು. ಆದರೆ ಅಂಕಿಗಳು ನಿಜವಾಗಿ ಹೋಗಿದ್ದರೆ ಜಾಗ ಬರಬೇಕಾಗಿತ್ತಲ್ಲವೆ? ಅವನ ಒಂದು ದೂರಿಗೆ ಇನ್ನೊಂದು ದೂರೇ ಉತ್ತರವಾಗಿತ್ತು.

ನಮ್ಮ ಪ್ರಯೋಗಶಾಲೆಯ ಗಣಕಗಳು ಲಿನಕ್ಸಿನಿಂದ ನಡೆಯುತ್ತವೆ. ಕಡತಗಳನ್ನು ತೋರಿಸುವ, ಸರಿಸುವ, ಅಳಿಸುವ ಕೆಲಸ ಅಲ್ಲಿ ನಾಟಿಲಸ್ ಎಂಬ ಫೈಲ್ ಮ್ಯಾನೇಜರಿನದು. (ನಾಟಿಲಸ್ ಎಂಬುದು ಸುರುಳಿ ಚಿಪ್ಪಿನ ಒಂದು ಕಡಲಪ್ರಾಣಿಯ ಹೆಸರು; ಈಗ ತೆರೆಯ ಮೇಲೆ ಕಾಣುವ ಹೆಸರು ಬರಿಯ ‘ಫೈಲ್ಸ್’.) ಡಿಲೀಟ್ ಕೀಲಿಯನ್ನೊತ್ತಿದಾಗ ಅದು ಕಡತವನ್ನು ನಾಶಮಾಡುವುದಿಲ್ಲ, ಕಸದ ಬುಟ್ಟಿಯೆಂಬ ಇನ್ನೊಂದು ಫೋಲ್ಡರಿಗೆ ಸೇರಿಸುತ್ತದೆ. ಹಾಗೆ ಸೇರಿಸುವಾಗಲೂ ಕಡತದೊಳಗಿನ ಒಂದಕ್ಷರವೂ ಕದಲುವುದಿಲ್ಲ. ಪುಸ್ತಕವನ್ನು ಕಪಾಟಿನಲ್ಲಿಯೇ ಬಿಟ್ಟು, ಗ್ರಂಥಪಾಲಕರು ಅದರ ಕಾರ್ಡನ್ನು ಮಾತ್ರ ಬೇರೆ ಪೆಟ್ಟಿಗೆಗೆ ಹಾಕಿದಂತೆ ಇದು. ಆದುದರಿಂದಲೇ 2 ಗಿಗಾಬೈಟಿನ ಚಲನಚಿತ್ರವೂ ಕ್ಷಣಮಾತ್ರದಲ್ಲಿ ಬುಟ್ಟಿಯನ್ನು ಸೇರುತ್ತದೆ. ಬುಟ್ಟಿಯೊಳಗೆ ಎರಡು ಭಾಗಗಳುಂಟು: ಒಂದರಲ್ಲಿ ಕಡತ, ಇನ್ನೊಂದರಲ್ಲಿ, ಅದು ಮೊದಲಿದ್ದ ಸ್ಥಳವನ್ನೂ ಅಳಿಸಿದ ದಿನ ವೇಳೆಗಳನ್ನೂ ಬರೆದಿಟ್ಟ ಚೀಟಿ. ಮರಳಿ ಬೇಕೆಂದಾಗ ಈ ಚೀಟಿಯೇ ದಾರಿ ತೋರಿಸುತ್ತದೆ.

ಪೆನ್ ಡ್ರೈವಿನ ಕಡತವನ್ನು ಗಣಕದ ಬುಟ್ಟಿಗೆ ಹಾಕಬೇಕಾದರೆ ಕಾರ್ಡು ಸರಿಸಿದರೆ ಸಾಲದು; ಪುಸ್ತಕವನ್ನೇ ಬೇರೊಂದು ಕಟ್ಟಡಕ್ಕೆ ಹೊರಬೇಕು. ಆ ಶ್ರಮವನ್ನು ತಪ್ಪಿಸಲು ಪೆನ್ ಡ್ರೈವಿನಲ್ಲಿಯೇ ಒಂದು ಬುಟ್ಟಿ ಹುಟ್ಟಿಕೊಳ್ಳುತ್ತದೆ. ಅದರ ಹೆಸರು ಚುಕ್ಕಿಯಿಂದ ಆರಂಭವಾಗುವುದರಿಂದ ಸಾಮಾನ್ಯವಾಗಿ ಕಣ್ಣಿಗೆ ಬೀಳದು. ಕಂಟ್ರೋಲ್ ಕೀಲಿಯೊಡನೆ ಎಚ್ ಒತ್ತಿದರೆ ಪ್ರತ್ಯಕ್ಷವಾಗುತ್ತದೆ. ನಮ್ಮ ವಿದ್ಯಾರ್ಥಿಯ ಆಂದೋಲನ ಕಾಲದ ಪಟ್ಟಿ ಅಲ್ಲಿ ಸುರಕ್ಷಿತವಾಗಿತ್ತು. ಅದನ್ನು ಹಿಂದಕ್ಕೆ ತಂದು ಬುಟ್ಟಿಯನ್ನು ಬರಿದುಮಾಡಿದೆವು, ಜಾಗವೂ ದೊರೆಯಿತು.

ಈ ನಡವಳಿಕೆಯನ್ನು ನಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ನಾಟಿಲಸಿನ ಆದ್ಯತೆಗಳಲ್ಲಿ ಒಂದು ಗುಂಡಿಯನ್ನು ಹಾಕಿದರೆ, ಮೌಸಿನ ಬಲಗುಂಡಿ ಒತ್ತಿದಾಗ ಬರುವ ಪಟ್ಟಿಯಲ್ಲಿ ‘ಶಾಶ್ವತವಾಗಿ ಅಳಿಸು’ ಎಂಬುದೂ ಸೇರುತ್ತದೆ. ಗ್ನೋಮ್ ಪರಿಸರದ ಖಾಸಗಿತನದ ವಿಭಾಗದಲ್ಲಿ, ಹಳೆಯ ಕಸವನ್ನು ತಾನಾಗಿ ತೆಗೆದುಹಾಕುವ ಏರ್ಪಾಡುಂಟು. ಅದನ್ನು ಜಾರಿಗೊಳಿಸಿದರೆ, ಅವಧಿಯನ್ನು ನಾವು ಬದಲಿಸದಿದ್ದಲ್ಲಿ, 30 ದಿನ ಕಳೆದುದೆಲ್ಲ ಹೋಗುತ್ತದೆ. ಮನೆಯ ಗಣಕದಲ್ಲಿ ಇದು ನಮಗೆ ಅನುಕೂಲವೇ ಆಗಿದೆ. ಪ್ರಯೋಗಶಾಲೆಯಲ್ಲಿ ಮಾತ್ರ ಎರಡನ್ನೂ ಮುಟ್ಟಿಲ್ಲ. ಅಲ್ಲಿ ಒಂದೇ ಗಣಕಕ್ಕೆ ಹತ್ತು ಕೈಗಳು. ಜನವರಿಯಲ್ಲಿ ತೆಗೆದ ಅಂಕಿಯನ್ನು ಹುಡುಕುವುದು ಏಪ್ರಿಲ್‌ನಲ್ಲಿ. ಆದರೂ ಶಿಫ್ಟ್ ಕೀಲಿಯೊಡನೆ ಡಿಲೀಟ್ ಒತ್ತುವವರನ್ನು ಯಾವ ಏರ್ಪಾಡೂ ತಡೆಯದು. ನಿಜವಾಗಿ ಅಳಿಸಲೇ ಎಂದು ಗಣಕ ಒಮ್ಮೆ ಕೇಳುತ್ತದೆ, ಅಷ್ಟೆ.

ಪೆನ್ ಡ್ರೈವನ್ನು ಗೆಳೆಯರಿಗೆ ಎರವಲು ಕೊಟ್ಟಾಗ ಆ ಗುಪ್ತ ಬುಟ್ಟಿಯೂ ಜೊತೆಯಲ್ಲಿಯೇ ಹೋಗುತ್ತದೆ. ಇದನ್ನು ಹೇಳಿದೊಡನೆ ನಮ್ಮ ವಿದ್ಯಾರ್ಥಿ ತನ್ನ ಇನ್ನೊಂದು ಪೆನ್ ಡ್ರೈವನ್ನು ಹುಡುಕಿಕೊಂಡು ಹಾಸ್ಟೆಲಿನ ಕಡೆಗೆ ಓಡಿದನು.