ರಾಕ್ಷಸನ ಮನೆಯ ಸೂರು

ಗ್ರೀಸಿನ ಎವಿಯಾ ದ್ವೀಪದ ದಕ್ಷಿಣಕ್ಕೆ ಕರಿಸ್ಟೋಸ್ ಎಂಬ ಕಡಲತಡಿಯ ಊರಿದೆ. ಅದರ ಬೆನ್ನಿಗೇ 1,398 ಮೀಟರ್ ಎತ್ತರದ ಓಹಿ ಬೆಟ್ಟ. ನೆತ್ತಿಯ ಹತ್ತಿರ, ಬಂಡೆಗಳ ಮರೆಯಲ್ಲಿ ಒಂದು ಕಲ್ಲುಮನೆ ನಿಂತಿದೆ. ಇಂಥವನ್ನು ಅಲ್ಲಿನವರು ‘ಡ್ರಾಕೋಸ್ಪಿಟೊ’ ಎನ್ನುತ್ತಾರೆ. ಇಂಗ್ಲಿಷಿನವರು ಅದನ್ನು ಡ್ರ್ಯಾಗನ್ ಮನೆ ಮಾಡಿಟ್ಟಿದ್ದಾರೆ. ಆದರೆ ಗ್ರೀಕ್ ಜನಪದ ಕಥೆಗಳ ಡ್ರಾಕೋಸ್ ಎಂದರೆ ಮಹಾ ಬಲಶಾಲಿ ದೈತ್ಯ. ನಮಗೆ ‘ರಾಕ್ಷಸನ ಮನೆ’ ಎಂದರೇ ಸರಿ.

ಒಳಗೆ ಸುಮಾರು 10 ಮೀಟರ್ ಉದ್ದ, 5 ಮೀಟರ್ ಅಗಲ. ಗೋಡೆಯ ದಪ್ಪವೇ ಒಂದು ಮೀಟರಿಗೂ ಹೆಚ್ಚು. ಗಾರೆಯಿಲ್ಲ, ತೊಲೆಯಿಲ್ಲ, ನಡುವೆ ಕಂಬವೂ ಇಲ್ಲ. ಹಾಗಾದರೆ ಸೂರು ನಿಂತದ್ದು ಹೇಗೆ?

ಮೇಜಿನ ಅಂಚಿನಲ್ಲಿ ಒಂದು ಪುಸ್ತಕವಿಟ್ಟು ಮೆಲ್ಲಗೆ ಹೊರಕ್ಕೆ ತಳ್ಳಿ. ಅರ್ಧ ದಾಟಿದೊಡನೆ ಅದು ಮಗುಚುತ್ತದೆ. ಈಗ ಅದರ ಹಿಂಬದಿಯ ಮೇಲೆ ಕಬ್ಬಿಣದ ಕುಟ್ಟಾಣಿ ಇಟ್ಟು ತಳ್ಳಿ ನೋಡಿ; ಅರ್ಧ ದಾಟಿದರೂ ಬೀಳುವುದಿಲ್ಲ. ಓಹಿಯ ಸೂರಿನ ಗುಟ್ಟು ಇಷ್ಟೇ. ಬೆಟ್ಟದ ಶಿಸ್ಟ್ ಕಲ್ಲು ಪದರಪದರವಾಗಿ ಸೀಳುತ್ತದೆ, ಚಪ್ಪಡಿಗೆ ಹೇಳಿಮಾಡಿಸಿದಂಥದ್ದು. ನಾಲ್ಕೂ ಗೋಡೆಗಳ ಮೇಲಿಂದ ಒಂದೊಂದು ವರಸೆಯ ಚಪ್ಪಡಿಯೂ ಕೆಳಗಿನದಕ್ಕಿಂತ ತುಸು ಒಳಕ್ಕೆ ಚಾಚುತ್ತದೆ. ಅದರ ಬಾಲವನ್ನು ಮೇಲಿನ ಕಲ್ಲುಗಳ ಭಾರ ಒತ್ತಿ ಹಿಡಿಯುತ್ತದೆ. ನಟ್ಟನಡುವೆ ಮಾತ್ರ ಆಕಾಶ ಕಾಣುವ ಒಂದು ಕಿಂಡಿ.

ಇಂಗ್ಲಿಷ್ ಭೂವಿಜ್ಞಾನಿ ಜಾನ್ ಹಾಕಿನ್ಸ್ 1797ರಲ್ಲಿ ಈ ಬೆಟ್ಟ ಹತ್ತಿ ಮನೆಯ ಸುದ್ದಿಯನ್ನು ಹೊರಜಗತ್ತಿಗೆ ತಂದ. ಅಂದಿನಿಂದಲೂ ಕಟ್ಟಿದವರಾರು ಎಂಬ ತಕರಾರು. ಹೇರಾ ದೇವಿಯ ಗುಡಿ ಎಂದರು ಕೆಲವರು. ಕಾವಲು ಠಾಣೆ, ಕುರಿಗಾಹಿಗಳ ತಂಗುದಾಣ ಎಂದರು ಉಳಿದವರು. ಏಷ್ಯಾ ಮೈನರಿನ ಕೇರಿಯಾದಿಂದ ಬಂದ ಕಲ್ಲುಕುಟಿಗರ ಕೆಲಸ ಎಂಬುದು ಇನ್ನೊಂದು ವಾದ. ಇದೇ ದ್ವೀಪದ ಸ್ಟೀರಾ ಊರಿನ ಸುತ್ತಲಿನ ಇಂಥ ಮನೆಗಳಿಗೆ ಈ ಕೊನೆಯದು ಒಪ್ಪುತ್ತದೆ, ಹಳೆಯ ಕ್ವಾರಿಗಳು ಪಕ್ಕದಲ್ಲೇ ಇವೆ. ಓಹಿಯಲ್ಲಿ ರೋಮನ್ನರ ಕಾಲದ ಅಮೃತಶಿಲೆಯ ಕಂಬಗಳು ಕಡಿದ ಜಾಗದಲ್ಲೇ ಇಂದಿಗೂ ಬಿದ್ದಿರುವುದು ನಿಜ, ಆದರೆ ಆ ಕ್ವಾರಿ ಬಹಳ ಕೆಳಗೆ. ದಿನದ ಕೂಲಿ ಮುಗಿಸಿ ನೆತ್ತಿಗೆ ಹತ್ತಿ ಮಲಗುವವರು ಯಾರು? ನನಗಂತೂ ಗುಡಿಯ ವಾದವೇ ಹೆಚ್ಚು ಹಿಡಿಸುತ್ತದೆ.

ವಯಸ್ಸಿನ ತೊಡಕು ಬೇರೆ. ಇಂಗಾಲದ ಕಾಲಮಾಪನಕ್ಕೆ ಒಂದು ಕಾಲದಲ್ಲಿ ಜೀವವಿದ್ದ ವಸ್ತು ಬೇಕು. ಕಲ್ಲಿಗೆ ಅದು ನಡೆಯದು. 1959ರಲ್ಲಿ ನಿಕೊಲಾಸ್ ಮುತ್ಸೋಪುಲೋಸ್ ಇಲ್ಲಿ ಅಗೆದಾಗ ಮಡಕೆ ಚೂರುಗಳು ಸಿಕ್ಕವು. ಮಡಕೆ ಒಡೆದವರ ಕಾಲವನ್ನು ಚೂರು ಹೇಳೀತು, ಗೋಡೆ ಎತ್ತಿದವರದ್ದನ್ನಲ್ಲ.

ಬೆಟ್ಟ ಹತ್ತಲಾರದವರು ಸ್ಟೀರಾ ಬಳಿಯ ಪಾಲಿ ಲಾಕ್ಕಾಕ್ಕೆ ಹೋಗಬಹುದು. ಅಲ್ಲಿ ಇಂಥವೇ ಮೂರು ಮನೆಗಳು ಒಂದೇ ಅಂಗಳಕ್ಕೆ ಮುಖಮಾಡಿ ನಿಂತಿವೆ.