ಶಂಕೆಯಿದ್ದರೂ ಸಾಕು, ಪ್ರತ್ಯೇಕ ಕೊಠಡಿ

ಕಾಲು ಮುರಿದುಕೊಂಡು ಬಂದ ಹಂದಿ ಸಾಕಣೆಗಾರನನ್ನು ನೆದರ್ಲೆಂಡ್ಸ್‌ನ ಆಸ್ಪತ್ರೆಗಳು ನೇರವಾಗಿ ಸಾಮಾನ್ಯ ವಾರ್ಡ್‌ಗೆ ಸೇರಿಸುವುದಿಲ್ಲ. ಆತನಿಗೆ ಪ್ರತ್ಯೇಕ ಕೊಠಡಿ. ಒಳಹೋಗುವ ವೈದ್ಯರು, ದಾದಿಯರಿಗೆ ಗೌನು, ಕೈಗವಸು, ಮುಖಗವಸು ಕಡ್ಡಾಯ. ಮೂಗು, ಗಂಟಲಿನಿಂದ ತೆಗೆದ ಮಾದರಿಯ ವರದಿ ಬರುವವರೆಗೆ ಇದೇ ವ್ಯವಸ್ಥೆ.

ಇದಕ್ಕೆ ಕಾರಣ ಎಂಆರ್‌ಎಸ್‌ಎ. ಮೆಥಿಸಿಲಿನ್ ಔಷಧಕ್ಕೆ ಬಗ್ಗದ ಈ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ 1961ರಲ್ಲಿ ಬ್ರಿಟನ್ನಿನಲ್ಲಿ ವರದಿಯಾಗಿತ್ತು. ಹಂದಿಗಳ ಒಡನಾಟದಲ್ಲಿರುವವರ ಮೂಗಿನಲ್ಲಿಯೂ ಅದು ಯಾವ ಲಕ್ಷಣವನ್ನೂ ತೋರದೆ ನೆಲೆಸಿರುವುದು ತಿಳಿದ ಬಳಿಕ, 2006ರಲ್ಲಿ ಡಚ್ ಮಾರ್ಗಸೂಚಿಯು ಅವರನ್ನು ಶಂಕಿತರ ಪಟ್ಟಿಗೆ ಸೇರಿಸಿತು. ವಿದೇಶದ ಆಸ್ಪತ್ರೆಗಳಲ್ಲಿದ್ದು ಬಂದವರು ಮೊದಲೇ ಆ ಪಟ್ಟಿಯಲ್ಲಿದ್ದರು.

ವರದಿ ಬಂದ ಮೇಲೆ ಪ್ರತ್ಯೇಕಿಸಿದರೆ ಸಾಲದೇ? ಸಾಲದು. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾ ಬೆಳೆದು ಗುರುತು ಸಿಗಲು ಎರಡು-ಮೂರು ದಿನ ಹಿಡಿಯಬಹುದು. ಅಷ್ಟರಲ್ಲಿ ಶುಶ್ರೂಷಕರ ಕೈಗಳಿಂದ, ಮಂಚದ ಸರಳಿನಿಂದ, ರಕ್ತದೊತ್ತಡ ಅಳೆಯುವ ಪಟ್ಟಿಯಿಂದ ಅದು ಪಕ್ಕದ ರೋಗಿಯ ಶಸ್ತ್ರಚಿಕಿತ್ಸೆಯ ಗಾಯವನ್ನು ತಲುಪಿರುತ್ತದೆ. ಹೊತ್ತು ತಂದವನಿಗೆ ಏನೂ ಆಗದಿರಬಹುದು; ಅಪಾಯ ಆ ಪಕ್ಕದವನಿಗೆ.

ನೆದರ್ಲೆಂಡ್ಸ್‌ನಲ್ಲಿ ರಕ್ತದ ಮಾದರಿಗಳಲ್ಲಿ ದೊರೆಯುವ ಸ್ಟ್ಯಾಫಿಲೋಕಾಕಸ್ ಆರಿಯಸ್ ಪೈಕಿ ಎಂಆರ್‌ಎಸ್‌ಎ ಪ್ರಮಾಣ ಶೇ. 2ರ ಆಸುಪಾಸಿನಲ್ಲೇ ಉಳಿದಿದೆ. ಆದರೆ ಇದಕ್ಕೆ ರೋಗಿ ತೆರುವ ಬೆಲೆಯೂ ಇದೆ. ಪ್ರತ್ಯೇಕ ಕೊಠಡಿಯಲ್ಲಿರುವವರ ಬಳಿಗೆ ವೈದ್ಯರು ಹೋಗುವುದೇ ಕಡಿಮೆ ಎಂಬುದನ್ನು ಅಧ್ಯಯನಗಳು ಕಂಡುಕೊಂಡಿವೆ. ಕೆಲವೇ ಗಂಟೆಗಳಲ್ಲಿ ಫಲಿತಾಂಶ ನೀಡುವ ಪಿಸಿಆರ್ ತಪಾಸಣೆಯಿಂದ, ಸೋಂಕಿಲ್ಲದವರ ಈ ಒಂಟಿವಾಸವನ್ನು ಮೊಟಕುಗೊಳಿಸಲು ಸಾಧ್ಯವಾಗಿದೆ.